ಹಲ್ಲಾಡಿದ ಕೊಂಬೆ

ರೀಲು ತುಂಡಾಗಬಹುದಿತ್ತು. ಬೂಷ್ಟು ಹಿಡಿದು ಅಂಟಿಕೊಂಡಿರಬಹುದಿತ್ತು. ನಾಗಮಂಗಲದಲ್ಲಿ ರಿಪೇರಿ ಮಾಡಿಸಿ ತಂದ ಟೇಪ್ ರೆಕಾರ್ಡರು ಅದನ್ನು ಶಾವಿಗೆಯ ಹಾಗೆ ಎಳೆದು ನುಂಗಬಹುದಿತ್ತು. ಮಾವನ ದನಿಯೇ ಅಳಿಸಿಹೋಗಿರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಎಲ್ಲವೂ ಸರಿಯಾಗಿದ್ದು ಹಾಡುಗಳೇ ನಿಜಕ್ಕೂ ಚೆನ್ನಾಗಿಲ್ಲದಿರಬಹುದಿತ್ತು... ಹೀಗೆ ಯೋಚಿಸುತ್ತಾ ಮೂರು ದಿನ ಆ ಕ್ಯಾಸೆಟ್ಟನ್ನು ಮೂಸಿ ಮೂಸಿ ಕೆಳಗಿಟ್ಟೆ. ಅತ್ತೆ ಹುಡುಕಿ ಕೊಟ್ಟ ಅದರ ಡಬ್ಬಿಯಲ್ಲಿ ಈಗಲೂ ರಾಗಿಹಿಟ್ಟಿನ ವಾಸನೆ.

ಮಾವ, ಅಂದರೆ ನನ್ನ ಅವ್ವನ ಅಣ್ಣ, ಅಕ್ಕಿಹೆಬ್ಬಾಳಿನಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಮೆಷಿನ್ನಿನ ಸದ್ದಿನಲ್ಲೇ ಪದ ಕಟ್ಟುತ್ತಿದ್ದರು, ಹುಬ್ಬಿನ ಮೇಲೆಲ್ಲ ಹಿಟ್ಟು. ಅವರ ಮೊದಲ ಕ್ಯಾಸೆಟ್ಟು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ಕೂಗಿತ್ತು. ಅರವತ್ತು ದಾಟಿದ ಮೇಲೆ ಎರಡನೆಯದಕ್ಕೆ ಹೊರಟಾಗ, ಆಗತಾನೇ ಕನ್ನಡ ಎಂ.ಎ. ಮುಗಿಸಿದ್ದ ನನ್ನನ್ನು ಕರೆದರು.

"ನೀನು ಓದ್ದೋನು. ಎಲ್ಲಾರ ತಪ್ಪಿದ್ರೆ ಏಳ್ಲಾ."

ಇಂಥ ಅವಕಾಶ ಬಿಡುವವನೇ ನಾನು? "ಮಾವ, ಊವು ಅಲ್ಲ, ಹೂವು. ಅಕ್ಕಿ ಅಂದ್ರೆ ಅನ್ನ ಮಾಡೋದು. ಹಾರೋದು ಹಕ್ಕಿ" ಎಂದೆ. ಮಾವ ರಾಗಿ ಸುರಿಯುತ್ತಲೇ ಹ, ಹಾ, ಹಿ ಎಂದು ಬಾಯಿ ಪಳಗಿಸಿದರು. ಎಲ್ಲೆಲ್ಲಿ ಹಕಾರ ಬೇಡ ಎಂಬುದನ್ನು ಹೇಳಿಕೊಡಲು ಮಾತ್ರ ನಾನು ಮರೆತೆ.

ರೆಕಾರ್ಡಿಂಗು ಮೈಸೂರಿನಲ್ಲಿ. ತಂಬೂರಿಯೊಂದು ಬಿಟ್ಟರೆ ಬೇರೆ ವಾದ್ಯವಿಲ್ಲ. ಕೊನೆಯ ಹಾಡು, ತೀರಿಕೊಂಡಿದ್ದ ನನ್ನ ಅವ್ವನ ಮೇಲೆ ಕಟ್ಟಿದ್ದು. ಹಕ್ಕಿ ಹಾರಿದ ಮೇಲೂ ಕೊಂಬೆ ಅಲ್ಲಾಡ್ತದೆ ಎಂಬ ಸಾಲು ಅವರ ಬಾಯಲ್ಲಿ "ಕೊಂಬೆ ಹಲ್ಲಾಡ್ತದೆ" ಎಂದಾಯಿತು. ಗಾಜಿನಾಚೆ ಕುಳಿತಿದ್ದ ನಾನು, ಊರಿನ ಬಸ್ಸು ತಪ್ಪೀತೆಂಬ ಚಿಂತೆಯಲ್ಲಿ ಕೇಳಿಸಿಕೊಳ್ಳಲೇ ಇಲ್ಲ.

ಊರಿನ ಟೀ ಅಂಗಡಿ ಕೇಳಿಸಿಕೊಂಡಿತು.

"ನಿಮ್ಮಾವ ಕೊಂಬೇಗೂ ಅಲ್ಲು ಕಟ್ಸವ್ನೆ ಕಣ್ಲಾ!" ಎಂದ ಗೆಳೆಯ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಿರುಗಿದರೆ ಬಾಗಿಲಲ್ಲಿ ಮಾವ...

"ಟೀ ಕುಡುದ್ಯೇನ್ಲಾ?" ಎಂದಷ್ಟೇ ಕೇಳಿ ಮಿಲ್ಲಿನ ಕಡೆ ನಡೆದರು. ಕ್ಯಾಸೆಟ್ಟುಗಳು ಹಿಟ್ಟಿನ ಡ್ರಮ್ಮಿನ ಹಿಂದೆ ಮೂಟೆಯಲ್ಲೇ ಉಳಿದವು. ಮಾವ ಮತ್ತೆ ಹಾಡಲಿಲ್ಲ. ಹಾಡಿ ಎಂದು ಕೇಳುವ ಮುಖ ನನಗಿರಲಿಲ್ಲ. ಈಗ ಅವರೂ ಇಲ್ಲ.

ಮೊನ್ನೆ ಕೊನೆಗೂ ಗುಂಡಿ ಒತ್ತಿದೆ. ಆ ಸಾಲು ಬಂತು. ಎಲ್ಲರೂ ನಕ್ಕ ಆ ಪದಕ್ಕೆ ಮುಂಚೆ ಮಾವ ಒಂದು ಉಸಿರು ಬಿಟ್ಟು, ಅದರ ಮೇಲೆ ಪದವನ್ನು ಮೆಲ್ಲಗೆ ಇಟ್ಟಿದ್ದರು. ಆ ಉಸಿರಿಗೇ ಕೊಂಬೆ ಅಲುಗಿದ ಹಾಗಿತ್ತು. ಮೊದಲ ಕ್ಯಾಸೆಟ್ಟಿನ ಗದ್ದಲದಲ್ಲಿ ಇಂಥದ್ದು ಒಂದೂ ಇಲ್ಲ. ಅವರು ಹಾಡಿದ್ದರಲ್ಲೆಲ್ಲ ಇದೇ ಚೆಂದ. ಅದನ್ನು ಅವರಿದ್ದಾಗಲೇ ಹೇಳಬೇಕಾಗಿದ್ದವನು ನಾನು.

ಹಾಡು ಮುಗಿದು ರೀಲು ಸುಮ್ಮನೆ ಸುತ್ತುತ್ತಿದ್ದಾಗ, ಸ್ಟುಡಿಯೋದವರು ಅಳಿಸಲು ಮರೆತ ಮಾತೊಂದು ಕೇಳಿತು:

"ಸರ್ಯಾಗ್ ಅಂದ್ನೇನ್ಲಾ?"

ಅಂದು ಗಡಿಯಾರ ನೋಡುತ್ತಿದ್ದ ನನ್ನನ್ನೇ ಕೇಳಿದ್ದು.

ಹೆದರಿದ್ದ ಯಾವುದೂ ಆಗಲಿಲ್ಲ. ಆಗಿದ್ದು ಒಂದೇ ಒಂದು ಸಣ್ಣ ತಪ್ಪು. ಇಪ್ಪತ್ತೈದು ವರ್ಷ ಮಕ್ಕಳಿಗೆ ಕನ್ನಡ ತಿದ್ದಿದ ನನ್ನ ಬಾಯಿ, ಆ ಟೇಪ್ ರೆಕಾರ್ಡರಿನ ಮುಂದೆ ಕೂತು, "ಔದು ಮಾವ" ಎಂದಿತು.