ತೊಂಬತ್ತಾರು ಕಿಲೋದ ಹರಕೆ

2023ರಲ್ಲಿ ನಾನು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಒಂದು ನೋವು ಚಿಕಿತ್ಸಾ ಕೇಂದ್ರದಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಊರು ಧಾರವಾಡ. ಮೂರು ತಿಂಗಳು ದಾಟಿದರೂ ಬಿಡದ ನೋವನ್ನು ನಾವು ಕ್ರಾನಿಕ್ ಪೇನ್ ಎನ್ನುತ್ತೇವೆ, ನನ್ನ ಬಳಿ ಬರುತ್ತಿದ್ದವರೆಲ್ಲ ಅಂಥವರೇ. ನಾನು ಸ್ವಲ್ಪ ಜೋರುಬಾಯಿಯವಳು. ವ್ಯಾಯಾಮ ತಪ್ಪಿಸಿ ಬಂದವರಿಗೆ ಎರಡು ಮಾತು ಬಿಗಿಯಾಗಿಯೇ ಹೇಳುತ್ತೇನೆ. ತೆಲುಗಿನಲ್ಲಿ ಬೈಯುವಾಗ ಮಾತ್ರ ಕೊನೆಗೊಂದು ‘ಅಂಡಿ’ ಸೇರಿಸಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಗಿರಿಜಾ ಬಂದರು. ಹೆಸರು ಬದಲಿಸಿದ್ದೇನೆ. ಗದಗ ಕಡೆಯವರು, ಬ್ಯಾಂಕ್ ಅಧಿಕಾರಿ, ವಯಸ್ಸು ಐವತ್ತೊಂದು. ವಿಶಾಖಪಟ್ಟಣದ ಗಾಜುವಾಕ ಶಾಖೆಯಲ್ಲಿ ನಾಲ್ಕು ವರ್ಷ ಇದ್ದು ವಿಜಯವಾಡಕ್ಕೆ ವರ್ಗವಾಗಿ ಬಂದಿದ್ದರು. ಎರಡೂ ಮಂಡಿ ನೋವು. ಹೊಸ ಶಾಖೆ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಪತ್ನಿಯ ಚೀಲ ಹಿಡಿದು ಹಿಂದೆ ನಿಂತಿದ್ದ ಪತಿ ಶಿವಾನಂದ ಅವರು ಸಣಕಲು ಮನುಷ್ಯ, ಮಾತು ಕಡಿಮೆ. ದೊಡ್ಡ ಕಾಯಿಲೆಯೊಂದರಿಂದ ಎದ್ದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದರು.

“ಇದು ಕಡೀ ಪ್ರಯತ್ನ ನೋಡ್ರಿ ಮೇಡಂ,” ಎಂದರು ಗಿರಿಜಾ. “ಇನ್ನೂ ಒಂಬತ್ತು ವರ್ಷ ಸರ್ವೀಸ್ ಐತಿ. ಆದ್ರ ಮೆಟ್ಲಾ ಹತ್ತಾಕ ಆಗವಲ್ದು. ದಸರಾದೊಳಗ ಕಡಿಮಿ ಆಗ್ಲಿಲ್ಲಂದ್ರ ವಿಆರ್‌ಎಸ್ ತಗೋತೀನಿ.” ವಿಆರ್‌ಎಸ್ ಎಂದರೆ ಸ್ವಯಂ ನಿವೃತ್ತಿ. ಆ ಮನೆಗೆ ಅವರದೊಂದೇ ಸಂಬಳ. ಅದಕ್ಕಿಂತ ಹೆಚ್ಚಾಗಿ, ಕೆಲಸದ ಸುದ್ದಿ ಬಂದಾಗ ಅವರ ದನಿಯೇ ಬೇರೆಯಾಗುತ್ತಿತ್ತು.

ಗಾಜುವಾಕದಲ್ಲಿ ಯಾರಿಗೆ ತೋರಿಸಿದ್ದಿರಿ ಎಂದು ಕೇಳಿದೆ. “ಮೂರು ಮಂದಿ ಡಾಕ್ಟರಿಗೆ ತೋರಿಸೀನ್ರಿ. ಕುರ್ಚಿಮ್ಯಾಲ ಕೂಡೂದ್ರಾಗ ‘ಬರುವು ತಗ್ಗಾಲಮ್ಮಾ’ ಅಂತಾರ. ಕಿವಿ ನೋವಿಗೆ ಹೋದ್ರೂ ಅದ ಮಾತು, ತೂಕ ಇಳಸ್ರಿ!” ಇಬ್ಬರೂ ನಕ್ಕೆವು.

ಎಕ್ಸ್‌ರೇಯಲ್ಲಿ ಮಂಡಿಯ ಮೃದ್ವಸ್ಥಿ ಮಧ್ಯಮ ಪ್ರಮಾಣದಲ್ಲಿ ಸವೆದಿತ್ತು. ತೊಡೆಯ ಸ್ನಾಯುಗಳಲ್ಲಿ ಬಲವಿರಲಿಲ್ಲ. ತೂಕ ತೊಂಬತ್ತಾರು ಕಿಲೋ. ತೂಕಕ್ಕೂ ನೋವಿಗೂ ಇರುವ ನಂಟನ್ನು ಜನ ಬರೀ ಭಾರದ ಲೆಕ್ಕದಲ್ಲಿ ತಿಳಿಯುತ್ತಾರೆ. ಅದೂ ಸುಳ್ಳಲ್ಲ. ಮೈಮೇಲಿನ ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋದಷ್ಟು ಹೊರೆ ಇಳಿಯುತ್ತದೆ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕೊಬ್ಬಿನ ಅಂಗಾಂಶ ಸುಮ್ಮನೆ ಕೂತಿರುವುದಿಲ್ಲ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಗಿರಿಜಾ ಅವರ ಬೆರಳ ಗೆಣ್ಣುಗಳೂ ನೋಯುತ್ತಿದ್ದವು. ಬೆರಳ ಮೇಲೆ ಯಾರೂ ನಡೆಯುವುದಿಲ್ಲವಲ್ಲ! ಇನ್ನು ನೋವಿದ್ದರೆ ನಿದ್ದೆ ಕೆಡುತ್ತದೆ, ಓಡಾಟ ನಿಲ್ಲುತ್ತದೆ, ತೂಕ ಮತ್ತೆ ಏರುತ್ತದೆ. ಹಾಗೆಂದು ತೂಕವೊಂದೇ ಅಪರಾಧಿಯಲ್ಲ. ಕಡ್ಡಿಯಂಥವರು ನೋವಿನಿಂದ ಅಳುವುದನ್ನೂ ನೂರು ಕಿಲೋದವರು ಸರಸರ ಮೆಟ್ಟಿಲು ಹತ್ತುವುದನ್ನೂ ನೋಡಿದ್ದೇನೆ.

ತೊಡೆಗೆ ಬಲ ಬರುವ ವ್ಯಾಯಾಮ ಹೇಳಿಕೊಟ್ಟೆ, ಊಟದ ಕ್ರಮ ತಿದ್ದಿದೆ. ವ್ಯಾಯಾಮದಲ್ಲಿ ಅವರದು ಒಂದು ದಿನವೂ ತಪ್ಪಿಲ್ಲ. ಆರು ವಾರದಲ್ಲಿ ಕುರ್ಚಿಯಿಂದ ಕೈಯೂರದೆ ಏಳುವಂತಾದರು, ತೂಕ ತೊಂಬತ್ಮೂರಕ್ಕೆ ಬಂತು. ನಾನು ಹಿಗ್ಗಿದೆ. ಎರಡು ವಾರ ಬಿಟ್ಟು ನೋಡಿದರೆ ಮತ್ತೆ ತೊಂಬತ್ತಾರು. ಆಮೇಲೆ ತೊಂಬತ್ನಾಲ್ಕು, ಪುನಃ ತೊಂಬತ್ತಾರು. ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಸರಿಯಿತ್ತು. ಮಾತ್ರೆಗಳಲ್ಲೇನಾದರೂ ದೋಷವೇ ಎಂದು ನಮ್ಮ ವೈದ್ಯರು ನೋಡಿದರು, ಅದೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಆಗಸ್ಟ್‌ನ ಒಂದು ಭೇಟಿಯಲ್ಲಿ ವಿಚಿತ್ರವೊಂದು ಕಣ್ಣಿಗೆ ಬಿತ್ತು. ತೂಕದ ಯಂತ್ರ ತೊಂಬತ್ನಾಲ್ಕು ತೋರಿಸಿತು. ಬೇರೆಯವರಾದರೆ ಕುಣಿಯುತ್ತಿದ್ದರು. ಇವರ ಮುಖ ಬಿಳಿಚಿಕೊಂಡಿತು. ಹಿಂದಿನ ಸಲ ತೊಂಬತ್ತಾರು ಬಂದಾಗ ಉಸಿರು ಬಿಟ್ಟು ಹಗುರಾಗಿದ್ದೂ ನೆನಪಾಯಿತು. ಶಿವಾನಂದ ಅವರು ಗಾಡಿ ನಿಲ್ಲಿಸಲು ಹೋಗಿದ್ದರು. ನಾನು ಬಾಗಿಲು ಹಾಕಿದೆ.

“ಅಕ್ಕಾರ, ನಿಮ್ಮ ಮಣಕಾಲು ನನ್ನ ಮಾತು ಕೇಳಾಕತ್ತಾವ. ತೂಕ ಯಾಕ ಕೇಳವಲ್ದು? ಇಳದ್ರ ಯಾಕ ಅಂಜ್ತೀರಿ?”

ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಹೇಳಿದರು: “ಕೋವಿಡ್‌ದಾಗ ಇವ್ರನ್ನ ವಿಶಾಖಪಟ್ಣದ ಆಸ್ಪತ್ರ್ಯಾಗ ಐಸಿಯುಕ್ಕ ಹಾಕಿದ್ರು. ನನ್ನ ಒಳಗ ಬಿಡ್ಲಿಲ್ಲ. ಹೊರಗ ನಿಂತು ಮನಿದೇವ್ರಿಗೆ ಬೇಡಿಕೊಂಡೆ. ಇವ್ರನ್ನ ಉಳಿಸಿಕೊಡಪಾ, ನನ್ನ ತೂಕದಷ್ಟು ಬೆಲ್ಲ ತುಲಾಭಾರ ಮಾಡಸ್ತೀನಿ ಅಂತ. ಆವತ್ತ ಅಲ್ಲೇ ನನ್ನೂ ಪರೀಕ್ಷಾ ಮಾಡಿದ್ರು, ತೂಕ ತೊಂಬತ್ತಾರು ಇತ್ತು. ದೇವ್ರು ಮಾತು ಉಳಿಸಿಕೊಂಡ. ಈಗ ನಾ ಇಳದು ತಕ್ಕಡ್ಯಾಗ ಕುಂತ್ರ ಅವಂಗ ತೂಕದಾಗ ಮೋಸ ಮಾಡಿದಂಗ ಆಗೂದಿಲ್ಲೇನ್ರಿ? ಇವ್ರಿಗೆ ಮತ್ತೇನರ ಆದ್ರ?”

ತೂಕ ಇಳಿದ ವಾರ ಅವರು ಪೆಸರಟ್ಟು ಎಂಬ ಹೆಸರುಕಾಳಿನ ದೋಸೆಯೊಳಗೆ ಉಪ್ಪಿಟ್ಟಿಟ್ಟು, ಮೇಲೆ ತುಪ್ಪ ಸುರಿದು ತಿನ್ನುತ್ತಿದ್ದರು. “ರುಚಿಗಂತ ಅಲ್ರಿ,” ಎಂದರು. ನಾನು ಕೇಳಿದೆ:

“ಮತ್ತ ಎರಡು ವರ್ಷ ಯಾಕ ಹೋಗಿಲ್ಲ?”

“ಹೆಂಗ ಹೋಗ್ಲಿ? ನಮ್ಮ ಗುಡಿ ತಕ್ಕಡಿ ಅಂಗಳದಾಗ ಐತಿ. ಬೀಗರು ಬಿಜ್ಜರು, ಊರ ಮಂದಿ ಸುತ್ತ ನಿಂತಿರ್ತಾರ. ಬೆಲ್ಲದ ಪೆಂಟಿಮ್ಯಾಲ ಪೆಂಟಿ ಹೇರ್ತಾರ, ನಾ ಏಳೂದಿಲ್ಲ. ಮೊಬೈಲ್‌ದಾಗ ತೆಗೀತಾರ, ನಗ್ತಾರ. ಸಣ್ಣಾಕಿ ಆಗಿ ಹೋಗೂನು ಅಂದ್ರ ದೇವ್ರಿಗೆ ಕಡಿಮಿ ಆಕ್ಕತಿ.”

ನಾಚಿಕೆ ಹರಕೆಯನ್ನು ತಡೆದಿತ್ತು, ಹರಕೆ ತೂಕವನ್ನು ಹಿಡಿದಿತ್ತು, ಎರಡರ ನಡುವೆ ಮಂಡಿ ಅರೆದುಹೋಗುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ. ‘ಇದೆಲ್ಲ ಮೂಢನಂಬಿಕೆ’ ಎಂದು ನಾನು ಒಂದು ಮಾತು ಆಡಿದ್ದರೆ ಅವರು ಮತ್ತೆ ನಮ್ಮ ಬಾಗಿಲು ತುಳಿಯುತ್ತಿರಲಿಲ್ಲ. ಅದೂ ಅಲ್ಲದೆ, ಆಸ್ಪತ್ರೆಯ ಹೊರಗೆ ಒಬ್ಬಳೇ ನಿಂತ ಹೆಂಗಸು ಕೊಟ್ಟ ಮಾತನ್ನು ಅಲ್ಲಗಳೆಯಲು ನಾನ್ಯಾರು?

“ಮೊದ್ಲ ಹರಕಿ ಮುಟ್ಟಸ್ರಿ,” ಎಂದೆ. “ಅಲ್ಲೀತನಕ ಒಂದು ಗ್ರಾಂ ಇಳಸ್ರಿ ಅಂತ ನಾ ಕೇಳೂದಿಲ್ಲ. ವ್ಯಾಯಾಮ ಮಾತ್ರ ಬಿಡಬ್ಯಾಡ್ರಿ. ಇವತ್ತ ಯಜಮಾನ್ರಿಗೆ ಹೇಳ್ರಿ. ಒಬ್ಬಾಕಿನ ಯಾಕ ಹೊರ್ತೀರಿ?”

ಹೇಳಿದರಂತೆ. ಶಿವಾನಂದ ಅವರು ಮರುದಿನವೇ ಗದಗಕ್ಕೆ ಟಿಕೆಟ್ ತೆಗೆಸಿದರು. ದಸರಾ ರಜೆಯಲ್ಲಿ ಹೋಗಿಬಂದ ಗಿರಿಜಾ ಒಂದು ತುಂಡು ಬೆಲ್ಲ ನನ್ನ ಕೈಗಿಟ್ಟು ನಡೆದದ್ದನ್ನು ಹೇಳಿದರು. ಅಂದುಕೊಂಡಂತೆಯೇ ಆಗಿತ್ತು. ಪೆಂಟಿ ಹೇರಿದಷ್ಟೂ ಇವರು ಕೂತ ತಟ್ಟೆ ಅಲುಗಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಇವರು ಕಣ್ಣು ಮುಚ್ಚಿಕೊಂಡರು. ಬೆಲ್ಲ ಹೊತ್ತು ತರುತ್ತಿದ್ದವರು ಶಿವಾನಂದ ಅವರೇ. ಎಂದೂ ದನಿ ಎತ್ತದ ಆ ಮನುಷ್ಯ ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದರಂತೆ: “ಇನ್ನೊಂದು ಪೆಂಟಿ ತರ್ರಿ! ನನ್ನ ಜೀವಾ ಅಷ್ಟು ಅಗ್ಗ ಐತೇನು?”

ನಗು ನಿಂತಿತು. ನಕ್ಕವರೇ ಬಂದು ಬೆಲ್ಲಕ್ಕೆ ಕೈಹಚ್ಚಿದರು. ತಟ್ಟೆ ಮೆಲ್ಲಗೆ ನೆಲ ಬಿಟ್ಟು ಎದ್ದಿತು.

“ಹುಟ್ಟಿದಾಗಿಂದ ಮೊದಲ ಸಲರೀ ಮೇಡಂ,” ಎಂದರು ಗಿರಿಜಾ, ಅಳುತ್ತ ನಗುತ್ತ. “ನಾ ಭಾರ ಇದ್ದದ್ದು ಚೊಲೋ ಆತು ಅನಸ್ತು.” ನನಗೂ ಅಳು ತಡೆಯಲಾಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಯುಗಾದಿಯ ಹೊತ್ತಿಗೆ ತೂಕ ಎಂಬತ್ತೆಂಟಕ್ಕೆ ಇಳಿದಿತ್ತು. ನೋವು ಮಾಯವಾಗಲಿಲ್ಲ, ಸವೆದ ಮಂಡಿ ಹೊಸದಾಗುವುದಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿತ್ತು, ಬೆರಳ ಬಿಗಿತ ಸಡಿಲಿತ್ತು, ಕಂಬಿ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿದ್ದರು. ನಿವೃತ್ತಿಯ ಮಾತೆತ್ತಿದರೆ “ಯಾವ ವಿಆರ್‌ಎಸ್ ರೀ?” ಎಂದು ನನ್ನನ್ನೇ ಕೇಳಿದರು.

ಹೇಳಿದ್ದು ಮಾಡದ ರೋಗಿಯನ್ನು ಸೋಮಾರಿ ಎಂದು ಬಗೆಯುವುದು ನಮ್ಮ ವೃತ್ತಿಯಲ್ಲಿ ಬಹಳ ಸುಲಭ. ತೂಕದ ವಿಷಯದಲ್ಲಂತೂ ಇನ್ನೂ ಸುಲಭ. ಈಗ ಹಾಗೆ ಅನ್ನಿಸಿದಾಗಲೆಲ್ಲ ನಾನು ಮೊದಲು ಕೇಳುವುದು, “ತೂಕ ಇಳಿದರೆ ನಿಮಗೇನಾದರೂ ಭಯವಿದೆಯೇ?” ಎಂದು. ಬಹಳಷ್ಟು ಮಂದಿ, ಇದೆಂಥ ಪ್ರಶ್ನೆ ಎಂದು ನಗುತ್ತಾರೆ. ಆಗೊಬ್ಬರು ಈಗೊಬ್ಬರು ನಗುವುದಿಲ್ಲ. ಅಂಥವರ ಎದುರು ಕುರ್ಚಿ ಎಳೆದುಕೊಂಡು ಕೂರುತ್ತೇನೆ.