ಅತ್ತೆಯ ಸೀರೆಗೆ ಜಪಾನಿನ ಹೊಲಿಗೆ

ತಪ್ಪು ಮುಚ್ಚಿಡುವ ಜಾಣತನ ನನಗಿಲ್ಲ. ಇದ್ದಿದ್ದರೆ ಅತ್ತೆಯ ನೀಲಿ ಸೀರೆಯ ಹರುಕನ್ನು ಬಚ್ಚಿಡಲು, ಎದ್ದು ಕಾಣುವುದನ್ನೇ ಹೆಮ್ಮೆ ಎಂದುಕೊಂಡಿರುವ ಜಪಾನಿನ ಹೊಲಿಗೆಯನ್ನು ಆರಿಸಿಕೊಳ್ಳುತ್ತಿದ್ದೆನೆ?

ಆ ಸೀರೆ ಮದುವೆಯಲ್ಲಿ ಅತ್ತೆಗೆ ಅವರ ಅವ್ವ ಈಸೂರಿನಿಂದ ಕೊಟ್ಟು ಕಳಿಸಿದ್ದು. ಮಗಳಿಗೂ ಉಡಲು ಕೊಟ್ಟವರಲ್ಲ. ಜಿಪುಣತನ ಎಂದು ನಾವೆಲ್ಲ ನಗುತ್ತಿದ್ದೆವು. ಈ ವರ್ಷ ನಮ್ಮ ಶಾಲೆಯ ಸಮಾರಂಭಕ್ಕೆ ಅದೇಕೋ ತಾವಾಗಿಯೇ ನನಗೆ ಕೊಟ್ಟರು. ಶಿಕಾರಿಪುರದಿಂದ ಸೊರಬ ಮುಟ್ಟುವುದರೊಳಗೆ ಬಸ್ಸಿನ ಸೀಟಿನ ತಗಡಿಗೆ ಸಿಕ್ಕಿ ಅಂಗೈ ಅಗಲ ಹರಿಯಿತು.

ಉಟ್ಟ ಬಟ್ಟೆಯನ್ನು ಮೈಮೇಲೆ ಹೊಲಿಯಬಾರದು, ಹೊಲಿದರೂ ಬಾಯಲ್ಲಿ ಹುಲ್ಲುಕಡ್ಡಿ ಕಚ್ಚಿರಬೇಕು ಎಂಬುದು ಅತ್ತೆಯ ಶಾಸನ. ಸ್ಟಾಫ್ ರೂಮಿನಲ್ಲಿ ಹುಲ್ಲೆಲ್ಲಿ? ಪೊರಕೆಯದೇ ಒಂದು ಕಡ್ಡಿ ಮುರಿದು ಕಚ್ಚಿಕೊಂಡು, ಸದ್ಯಕ್ಕೆಂದು ನಾಲ್ಕು ಹೊಲಿಗೆ ಹಾಕತೊಡಗಿದೆ. ಅಷ್ಟರಲ್ಲಿ ಹೆಡ್‌ಮಾಸ್ತರು ಇಣುಕಿ, "ಭಾಷಣ ರೆಡಿ ಏನ್ರೀ ಮೇಡಂ?" ಎಂದರು. ಮೇವು ಮೆಲ್ಲುವ ಹಸುವಿನಂತೆ ತಲೆಯಾಡಿಸಿದೆ.

ಆಮೇಲೆ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದದ್ದು ಸಾಶಿಕೊ ಎಂಬ ಈ ಜಪಾನಿನ ಹೊಲಿಗೆ. ಅಲ್ಲಿನ ಚಳಿ ಊರುಗಳ ಬಡ ಹೆಂಗಸರು ಸವೆದ ನೀಲಿ ಬಟ್ಟೆಗೆ ತೇಪೆ ಹಾಕಿ, ಬಿಳಿ ದಾರದಲ್ಲಿ ಅಕ್ಕಿಕಾಳಿನಷ್ಟು ಹೊಲಿಗೆಗಳ ಸಾಲು ಹಾಕುತ್ತಿದ್ದರಂತೆ. ನಮ್ಮ ಕೌದಿಗೆ ದೂರದ ನೆಂಟ ಅನ್ನಿ. ಸಂಜೆ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಹೊಲಿದೆ. ದಾರ ಬಿಗಿಯಾಗಿ ಎಳೆದಿದ್ದಕ್ಕೆ ಬಟ್ಟೆ ಹಪ್ಪಳದಂತೆ ಮುದುಡಿತು. ಬಿಚ್ಚಿ, ಕೊಂಚ ಸಡಿಲ ಬಿಟ್ಟು ಮತ್ತೆ ಹೊಲಿದೆ. ಮುಗಿದಾಗ ನೋಡುತ್ತೇನೆ, ಬೀದಿಯಾಚೆಯಿಂದಲೂ ಕಾಣುವಷ್ಟು ಬಿಳಿ ಚುಕ್ಕಿಗಳು! ಕದ್ದವಳೇ ಡಂಗುರ ಸಾರಿದ ಹಾಗಾಯಿತು.

ಇನ್ನು ಈ ಜನ್ಮದಲ್ಲಿ ಅತ್ತೆ ನನ್ನನ್ನು ನಂಬುವುದಿಲ್ಲ ಎಂದುಕೊಂಡೇ ಸೀರೆಯನ್ನು ಅವರ ಮಡಿಲಲ್ಲಿಟ್ಟೆ. ಅವರು ಕನ್ನಡಕ ಏರಿಸಿ ಚುಕ್ಕಿಗಳ ಮೇಲೆ ಬೆರಳಾಡಿಸಿದರು.

"ಮೈಮ್ಯಾಲೇ ಹೊಲಿದ್ಯಾ?"

"ಮೊದ್ಲು ನಾಕು ಹೊಲಿಗಿ ಮಾತ್ರ. ಕಡ್ಡಿ ಕಚ್ಚಿದ್ದೆ ಅತ್ತಿ."

"ಸದ್ಯ," ಎಂದವರು ಒಳಸೆರಗು ಬಿಡಿಸಿ ತೋರಿಸಿದರು. ನೀಲಿಯ ಮೇಲೆ ನೀಲಿ ದಾರ; ದಿಟ್ಟಿಸಿದರಷ್ಟೇ ಕಾಣುವ ಗೇಣುದ್ದದ ಹೊಲಿಗೆ.

"ಲಗ್ನ ಆದ ವರ್ಷನೇ ಹರಿದಿದ್ದೆ. ನಮ್ಮತ್ತಿಗೆ ಹೆದ್ರಿ ಕಾಣದಂಗ ಹೊಲಿದೆ. ನಮ್ಮವ್ವಗೂ ಹೇಳ್ಲಿಲ್ಲ. ಅಕಿ ಹೋಗೇಬಿಟ್ಲು."

ಇಷ್ಟು ವರ್ಷ ಅವರು ಯಾರಿಗೂ ಕೊಡದೆ ಕಾದಿದ್ದು ಸೀರೆಯನ್ನಲ್ಲ, ಈ ಗೇಣುದ್ದವನ್ನು. ಜಿಪುಣತನವೆಂದು ನಕ್ಕಿದ್ದಕ್ಕೆ ನಾಚಿಕೆಯಾಯಿತು.

"ಬಿಳಿ ದಾರ ಉಳಿದೈತೇನು?" ಎಂದರು ಅತ್ತೆ. "ಇದರ ಮ್ಯಾಲೂ ನಿನ್ನ ಚುಕ್ಕಿ ಹಾಕು. ಎಲ್ರಿಗೂ ಕಾಣಂಗ."

ದಾರ ತಂದು ಅವರ ಪಕ್ಕದಲ್ಲೇ ಕೂತೆ. ಈ ಸಲ ಬಾಗಿಲು ಹಾಕಲಿಲ್ಲ.