ಅಕ್ಕನಿಗೊಂದು ಪುಟ ತಿರುಗಿಸುವ ಕೈ

ಬೀದಿಯವರೆಲ್ಲ ಅವನನ್ನು ಸೆಕೆಂಡ್ ಮುಳ್ಳು ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ಅಂಗಡಿ ಮುಚ್ಚಿದ ಮೇಲೂ ಸುಮ್ಮನೆ ಕೂರುವ ಜಾಯಮಾನದವನಲ್ಲ. ಕೂತರೂ ಮೊಣಕಾಲು ಆಡುತ್ತಲೇ ಇರುತ್ತಿತ್ತು. ಸಣ್ಣ ವಸ್ತುಗಳ ಮೇಲೆ ಮಾತ್ರ ಅವನಿಗೆ ಗೌರವ. ದಪ್ಪ ಸ್ಕ್ರೂ ಕಂಡರೆ ‘ಇದು ಗಾಡಿ ಚಕ್ರಕ್ಕೆ ಸರಿ’ ಎಂದು ಮೂಗು ಮುರಿಯುತ್ತಿದ್ದ.

ಮನೆಯಲ್ಲಿದ್ದವರು ಇಬ್ಬರೇ, ಅವನು ಮತ್ತು ಅವನ ಅಕ್ಕ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಊರಿನ ಅರ್ಧ ಜನಕ್ಕೆ ಸೂಜಿ ಚುಚ್ಚಿದ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ, ಈಗ ಪುಸ್ತಕದ ಹಾಳೆ ಹಿಡಿಯಲೂ ಬರುತ್ತಿರಲಿಲ್ಲ. ಕಾದಂಬರಿ ಇಲ್ಲದೆ ಅವಳಿಗೆ ಹೊತ್ತು ಹೋಗದು. ಹಾಗಾಗಿ ದಿನಾ ಸಂಜೆ ತಮ್ಮನೇ ಓದಿ ಹೇಳುತ್ತಿದ್ದ.

ಓದುತ್ತಿದ್ದ ಅನ್ನುವುದು ದೊಡ್ಡ ಮಾತು. ಕಥೆಯಲ್ಲಿ ಯಾರಾದರೂ ಸಾಯುವ ಸೂಚನೆ ಕಂಡರೆ ಸಾಕು, ಗಂಟಲು ಸರಿಮಾಡಿಕೊಂಡು ನಾಲ್ಕು ಹಾಳೆ ಒಟ್ಟಿಗೆ ಮಗುಚುತ್ತಿದ್ದ. ಅಕ್ಕ ಮೊದಲೇ ನೋವು ತಿನ್ನುತ್ತಿದ್ದಾಳೆ, ಅದರ ಮೇಲೆ ಇದೊಂದು ಯಾಕೆ ಎಂಬುದು ಅವನ ನ್ಯಾಯ. ಆಗ ಓದುತ್ತಿದ್ದ ಕಾದಂಬರಿಯಲ್ಲಿ ತಾಯಿ ಹದಿಮೂರನೇ ಅಧ್ಯಾಯದಲ್ಲೇ ತೀರಿಕೊಂಡಿದ್ದಳು. ಇವನು ಅವಳನ್ನು ತವರಿಗೆ ಕಳಿಸಿ ಕೈತೊಳೆದುಕೊಂಡಿದ್ದ. ಆರು ಅಧ್ಯಾಯ ಕಳೆದರೂ ಆಕೆ ತವರಿನಿಂದ ವಾಪಸ್ಸು ಬಂದಿರಲಿಲ್ಲ.

ಒಂದು ಸಂಜೆ ಅಕ್ಕ ನಡುವೆಯೇ ಕೈ ಎತ್ತಿ ನಿಲ್ಲಿಸಿದಳು.

“ಸಾಕು ಕಣೋ. ನಾನೇ ಓದೋಕಾಗಲ್ಲ ಅಂದ್ಮೇಲೆ ಇವೆಲ್ಲ ಯಾಕೆ ಮನೇಲಿ? ಆಸ್ಪತ್ರೆ ಲೈಬ್ರರಿಗೆ ಕೊಟ್ಬಿಡೋಣ.”

ಅಕ್ಕ ಸೋತ ಧ್ವನಿಯಲ್ಲಿ ಮಾತಾಡಿದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ. “ಎರಡು ವಾರ ತಡಿ ಅಕ್ಕ. ಪುಟ ತಿರುಗಿಸೋ ಕೈ ಮಾಡ್ಕೊಡ್ತೀನಿ” ಅಂದುಬಿಟ್ಟ.

ಅಕ್ಕ ನಕ್ಕಳು. “ಸರಿ. ಎರಡು ವಾರದ ಮೇಲೆ ಭಾನುವಾರ ಬರೋಕೆ ಹೇಳಿರ್ತೀನಿ ಲೈಬ್ರರಿಯವರಿಗೆ.”

ಕೈಯೇನೋ ಹತ್ತೇ ದಿನದಲ್ಲಿ ಸಿದ್ಧವಾಯಿತು. ಹೇಳಿದಷ್ಟೇ ತಿರುಗಿ ಹೇಳಿದಲ್ಲೇ ನಿಲ್ಲುವ ಮೂರು ಸರ್ವೋ ಮೋಟಾರು: ಒಂದು ಹಾಳೆ ಎತ್ತಲು, ಒಂದು ಮಗುಚಲು, ಇನ್ನೊಂದು ಮಗುಚಿದ್ದನ್ನು ಒತ್ತಿ ಹಿಡಿಯಲು. ಅವುಗಳಿಗೆ ಅಪ್ಪಣೆ ಕೊಡಲು ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು. ಮೊಣಕೈಯಲ್ಲಿ ಒತ್ತುವಂಥ ಅಗಲವಾದ ಗುಂಡಿ. ಎಲ್ಲಕ್ಕೂ ಊಟ ಒಂದೇ ಹಳೆಯ ಮೊಬೈಲ್ ಚಾರ್ಜರಿನಿಂದ. ವೈರಿಂಗ್ ನೋಡಿದರೆ ಕಣ್ಣಿಗೆ ಹಬ್ಬ. ಗಡಿಯಾರದವನಲ್ಲವೇ, ಎಲ್ಲ ಕೂದಲೆಳೆಯಂಥ ತಂತಿ. ಹಿತ್ತಾಳೆಯ ತೋಳಿಗೆ ಪಾಲಿಶ್ ಬೇರೆ ಕೊಟ್ಟಿದ್ದ.

ಒಂದೊಂದೇ ಮೋಟಾರು ಓಡಿಸಿದರೆ ಚಿನ್ನದಂಥ ಕೆಲಸ. ಮೂರೂ ಒಟ್ಟಿಗೆ ಹೊರಟವೋ, ತೋಳು ಅರ್ಧದಲ್ಲೇ ನಡುಗಿ, ಬೋರ್ಡಿನ ದೀಪ ಆರಿ ಹತ್ತಿ, ಎಲ್ಲ ಮರೆತು ಮೊದಲಿನಿಂದ ಶುರುಮಾಡುತ್ತಿತ್ತು. ಹಾಗೆ ಶುರುಮಾಡುವಾಗ ಪುಸ್ತಕವನ್ನು ಫಟಾರನೆ ಮುಚ್ಚಿಬಿಡುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಮೊದಲು ಬೋರ್ಡಿಗೆ ತಾನೇ ಬರೆದ ಪ್ರೋಗ್ರಾಮನ್ನು ಬೈದ, ಹನ್ನೊಂದು ಸಲ ತಿದ್ದಿದ. ಆಮೇಲೆ ಮೋಟಾರು ಬಿಚ್ಚಿ ಗಡಿಯಾರದ ಎಣ್ಣೆ ಬಿಟ್ಟ. ಕಾದಂಬರಿಯ ರಟ್ಟು ಭಾರ ಎಂದು ಅದನ್ನೂ ದೂರಿದ. ಕರೆಂಟಿನ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಯಾಕೆಂದರೆ ದಿನಕ್ಕೆ ಹತ್ತು ಸಲ ಮೀಟರ್ ಇಟ್ಟು ನೋಡುತ್ತಿದ್ದ, ಹತ್ತು ಸಲವೂ ಸರಿಯಾಗಿ ಐದು ವೋಲ್ಟ್.

ಶನಿವಾರ ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಮೇಜಿನ ಮೇಲೆ ಯಂತ್ರ ಸುಮ್ಮನೆ ಮಲಗಿತ್ತು. ಮೀಟರಿನ ಕಡ್ಡಿ ಚುಚ್ಚಿಕೊಂಡು ತಮ್ಮ ಕೂತಿದ್ದ.

“ಐದೇ ಇದೆ ನೋಡಕ್ಕ! ಇದಕ್ಕೇನು ಬಂದಿದೆ ರೋಗ?”

“ಮಲಗಿದ್ದಾಗ ನೋಡಿದ್ರೆ ಏನು ಗೊತ್ತಾಗುತ್ತೋ? ನಮ್ಮ ವಾರ್ಡಲ್ಲಿ ಎಷ್ಟು ಜನ ಹಾಗೆ! ಮಂಚದ ಮೇಲೆ ಬಿಪಿ ಚೆನ್ನಾಗಿರೋದು, ಎದ್ದು ನಾಲ್ಕು ಹೆಜ್ಜೆ ಇಟ್ರೆ ಕಣ್ಣು ಕತ್ತಲೆ ಬಂದು ಬೀಳೋರು. ಎಬ್ಬಿಸಿ ನೋಡು.”

ಅವನ ಕಸುಬಿನಲ್ಲಿ ಎಲ್ಲವನ್ನೂ ನಿಲ್ಲಿಸಿಯೇ ನೋಡುವುದು. ಓಡುವ ಗಡಿಯಾರದೊಳಗೆ ಯಾರು ಕೈಹಾಕುತ್ತಾರೆ? ಕಡ್ಡಿ ಹಿಡಿದುಕೊಂಡೇ ಗುಂಡಿ ಒತ್ತಿದ. ಮೂರೂ ಮೋಟಾರು ಎದ್ದವು. ಐದಿದ್ದದ್ದು ನಾಲ್ಕಾಯಿತು, ಮೂರಾಯಿತು, ದೀಪ ಆರಿತು, ಪುಸ್ತಕ ಫಟಾರ್.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ,” ಅಕ್ಕ ಹಿತ್ತಾಳೆಯ ತೋಳನ್ನು ನೋಡಿ ಹೇಳಿದಳು. “ಪಾಲಿಶ್ ಆಮೇಲೆ ಹಾಕ್ಬಹುದಿತ್ತಪ್ಪ.”

ಮೂರು ಮೋಟಾರಿಗೂ ಒಟ್ಟಿಗೆ ಸಾಲುವಷ್ಟು ಕರೆಂಟು ಆ ಹಳೆಯ ಚಾರ್ಜರಿನಲ್ಲೂ ಇಲ್ಲ, ಕೂದಲೆಳೆಯ ತಂತಿಯಲ್ಲಿ ಹರಿಯುವುದೂ ಇಲ್ಲ. ಅವನು ಅಟ್ಟದಿಂದ ಕೆಟ್ಟ ಇಸ್ತ್ರಿಪೆಟ್ಟಿಗೆ ಇಳಿಸಿ, ಹೆಬ್ಬೆರಳ ದಪ್ಪದ ಅದರ ವೈರು ಕತ್ತರಿಸಿದ. ತನ್ನ ಕೈಯಿಂದಲೇ ಅಂಥ ದಪ್ಪ ತಂತಿ ಜೋಡಿಸುವಾಗ ಮುಖ ಹರಳೆಣ್ಣೆ ಕುಡಿದಂತಿತ್ತು. ಅಂಗಡಿಯಿಂದ ಗಟ್ಟಿಮುಟ್ಟಾದ ಅಡಾಪ್ಟರ್ ತಂದು ಮೋಟಾರುಗಳಿಗೆಂದೇ ಬೇರೆ ಪಂಕ್ತಿ ಹಾಕಿದ. ಹಳೆಯ ಚಾರ್ಜರು ಬೋರ್ಡಿಗೆ ಮಾತ್ರ. ಆದರೂ ಮೋಟಾರುಗಳು ಚಳಿ ಹಿಡಿದಂತೆ ಗಡಗಡ ಅಂದವು. ಎರಡು ಕಡೆಯ ಮೈನಸ್ ತಂತಿಗಳನ್ನು ಒಂದುಗೂಡಿಸದೆ ಬೋರ್ಡಿನ ಅಪ್ಪಣೆ ಮೋಟಾರುಗಳಿಗೆ ಅರ್ಥವಾಗದು, ಅದನ್ನೇ ಮರೆತಿದ್ದೇನೆ ಎಂದು ಹೊಳೆದು, ತಲೆ ಚಚ್ಚಿಕೊಂಡು ಅದನ್ನೂ ಮಾಡಿದ. ಮತ್ತೆ ಗುಂಡಿ ಒತ್ತಿದಾಗ ಓಡುವಾಗಲೂ ಐದಕ್ಕೆ ಐದು. ಹಾಳೆ ಎದ್ದಿತು, ಮಗುಚಿತು, ಮಲಗಿತು.

ಭಾನುವಾರ ಲೈಬ್ರರಿಯವರನ್ನು ಅಕ್ಕ ಬಾಗಿಲಿನಿಂದಲೇ ವಾಪಸ್ಸು ಕಳಿಸಿ, ಯಂತ್ರದ ಮುಂದೆ ಬಂದು ಕೂತಳು. ಅವನು ಹೆಮ್ಮೆಯಿಂದ ಹತ್ತೊಂಬತ್ತನೇ ಅಧ್ಯಾಯ ತೆರೆದಿಟ್ಟ.

“ಅದಲ್ಲ. ಹದಿಮೂರು ತೆಗಿ.”

ಅವನ ಮೊಣಕಾಲು ಆಡುವುದು ನಿಂತಿತು.

“ತವರಿಗೆ ಹೋದವಳನ್ನ ನಾನೂ ಒಂದ್ಸಲ ನೋಡ್ಬೇಕಲ್ಲ. ನೀನು ಗಂಟಲು ಸರಿಮಾಡ್ಕೊಂಡಾಗಲೆಲ್ಲ ನಂಗೆ ಗೊತ್ತಾಗ್ತಿತ್ತು ಕಣೋ, ಯಾರೋ ಹೋದ್ರು ಅಂತ. ನಲವತ್ತು ವರ್ಷ ಸಾವು ನೋಡಿದೋಳು ನಾನು. ಹೆದರ್ತಿದ್ದೋನು ನೀನು.”

ಅವನು ಹದಿಮೂರನೇ ಅಧ್ಯಾಯ ತೆರೆದಿಟ್ಟ. ಅಕ್ಕ ಕನ್ನಡಕ ಏರಿಸಿ, ಒಂದು ಸಾಲೂ ಬಿಡದೆ, ಗಟ್ಟಿಯಾಗಿ ಓದತೊಡಗಿದಳು. ತಾಯಿ ಮಗನನ್ನು ಕೊನೆಯ ಸಲ ಹತ್ತಿರ ಕರೆಯುವ ಹೊತ್ತಿಗೆ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ತಮ್ಮ ಅಳುತ್ತಿದ್ದ.

ಪುಟ ಮುಗಿಯಿತು. ಅಕ್ಕ ಕಾದಳು. ಅವನ ಅಳು ಒಂದು ಹದಕ್ಕೆ ಬಂದ ಮೇಲೆ ಮೆಲ್ಲಗೆ ಕೇಳಿದಳು.

“ತಿರುಗಿಸ್ಲೇನೋ?”

ಅವನು ತಲೆಯಾಡಿಸಿದ. ಅಕ್ಕ ಮೊಣಕೈಯಿಂದ ಗುಂಡಿ ಒತ್ತಿದಳು.